ಕಾರಿನ ಕೂಲೆಂಟ್: ಬಣ್ಣ ನೋಡಿ ಕೊಳ್ಳಬೇಡಿ

ಕಾರಿನ ಹೊರಮೈಯನ್ನು ವಾರಕ್ಕೊಮ್ಮೆ ತೊಳೆದು ಒರೆಸುವ ಮನೆಗಳು ಅನೇಕ. ಬಾನೆಟ್ ಎತ್ತಿ ಒಳಗೆ ನೋಡುವವರು ಮಾತ್ರ ಕಡಿಮೆ. ಅದು ಗಂಡಸರ ಕೆಲಸ, ಮೆಕ್ಯಾನಿಕ್‌ನ ಕೆಲಸ ಎಂದು ಬಿಟ್ಟುಬಿಡುತ್ತೇವೆ. ಆದರೆ ಮನೆಯ ಗಂಡಸರು ಗಲ್ಫ್‌ನಲ್ಲಿದ್ದು, ಮಕ್ಕಳನ್ನು ಶಾಲೆಗೆ, ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ಗೃಹಿಣಿಯ ಮೇಲೆಯೇ ಇರುವ ಮನೆಗಳು ನಮ್ಮ ಕರಾವಳಿಯಲ್ಲಿ ಬಹಳಷ್ಟಿವೆ. ಅಂಥ ಸಹೋದರಿಯರಿಗೆ ಈ ವಿಷಯ ತಿಳಿದಿರುವುದು ಅಗತ್ಯ.

ಇಂಜಿನ್ ಬಿಸಿಯಾಗುತ್ತಿದೆ ಎಂದಾಗ ನೆರೆಹೊರೆಯವರು ಹೇಳುವುದು ಒಂದೇ ಮಾತು: “ಒಂದು ತಂಬಿಗೆ ನೀರು ಹಾಕಿ, ಸರಿಹೋಗುತ್ತದೆ.” ನೀರು ಹಾಕಿದರೆ ಅಂದಿಗೆ ಸರಿಹೋಗುವುದೂ ಹೌದು. ಅದೇ ಅಭ್ಯಾಸವಾದರೆ ಕೆಲವು ವರ್ಷಗಳಲ್ಲಿ ರೇಡಿಯೇಟರ್ ಸೋರತೊಡಗುತ್ತದೆ, ವಾಟರ್ ಪಂಪ್ ಕೆಡುತ್ತದೆ. ಆಗ ಗ್ಯಾರೇಜಿನ ಬಿಲ್ಲು ಸಾವಿರಗಟ್ಟಲೆ ಆಗುತ್ತದೆ. ಕೆಲವು ನೂರು ರೂಪಾಯಿಯ ಕೂಲೆಂಟ್ ಉಳಿಸಲು ಹೋಗಿ ತಿಂಗಳ ಮನೆಖರ್ಚಿನ ಹಣವನ್ನೇ ಕಳೆದುಕೊಂಡಂತೆ.

ಕೂಲೆಂಟ್ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ತಂಪು ಮಾಡಲು ಮಾತ್ರ ಇರುವುದೆಂದು ಭಾವಿಸುತ್ತೇವೆ. ನಿಜ ಹೇಳಬೇಕೆಂದರೆ ಶಾಖವನ್ನು ಹೊತ್ತೊಯ್ಯುವುದರಲ್ಲಿ ಬರಿಯ ನೀರೇ ಮುಂದು. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ನೀರು ಹೆಪ್ಪುಗಟ್ಟದಂತೆ ತಡೆಯುತ್ತದೆ, ಬೇಗ ಕುದಿಯದಂತೆಯೂ ನೋಡಿಕೊಳ್ಳುತ್ತದೆ. ನೀರು ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ. ಹಾಗಾದರೆ ನಮಗೇಕೆ ಕೂಲೆಂಟ್? ಲೋಹದ ರಕ್ಷಣೆಗಾಗಿ. ಅದರ ಮೂರನೆಯ ಕೆಲಸ ಇದೇ. ನಮಗೆ ಹೆಚ್ಚು ಬೇಕಾದದ್ದೂ ಇದೇ.

ಹಿಂದೆ ಅಂಬಾಸಡರ್‌ನಂತಹ ಕಾರುಗಳಲ್ಲಿ ಇಂಜಿನ್ ಬೀಡುಕಬ್ಬಿಣದ್ದು, ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆಯದು. ತೂತಾದರೆ ಬೆಸುಗೆ ಹಾಕಿಸಿ ಓಡಿಸುತ್ತಿದ್ದರು. ಇಂದಿನ ಕಾರುಗಳಲ್ಲಿ ರೇಡಿಯೇಟರ್, ಸಿಲಿಂಡರ್ ಹೆಡ್, ಹಲವೆಡೆ ಇಂಜಿನ್ನಿನ ಬ್ಲಾಕ್ ಕೂಡ ಅಲ್ಯೂಮಿನಿಯಂನದು. ಅದರ ತೂಕ ಕಬ್ಬಿಣದ ಸುಮಾರು ಮೂರನೇ ಒಂದು ಭಾಗ; ಹಗುರವಾದಷ್ಟೂ ಪೆಟ್ರೋಲ್ ಉಳಿತಾಯ. ಆದರೆ ರೇಡಿಯೇಟರಿನ ಕೊಳವೆಗಳ ಗೋಡೆ ಅರ್ಧ ಮಿಲಿಮೀಟರ್‌ಗಿಂತಲೂ ತೆಳು. ಸವೆದರೆ ಬೆಸುಗೆ ಹಾಕುವುದು ಸುಲಭವಲ್ಲ. ಸಾಮಾನ್ಯವಾಗಿ ಇಡೀ ರೇಡಿಯೇಟರನ್ನೇ ಬದಲಿಸಬೇಕಾಗುತ್ತದೆ.

ಅಲ್ಯೂಮಿನಿಯಂನ ಸ್ವಭಾವ ಅಡುಗೆಮನೆಯಲ್ಲಿರುವವರಿಗೆ ಹೊಸತಲ್ಲ. ಉಪ್ಪು, ಹುಣಸೆಹುಳಿ ಹಾಕಿದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡಬಾರದೆಂದು ಹಿರಿಯರು ಹೇಳುತ್ತಿದ್ದರು. ಬಿಟ್ಟರೆ ಪಾತ್ರೆಯ ಒಳಗೆ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ವಾಷಿಂಗ್ ಸೋಡಾ ಹಾಕಿ ಉಜ್ಜಿದರೆ ಅದೇ ಪಾತ್ರೆ ಕಪ್ಪಾಗುತ್ತದೆ. ಅಂದರೆ ಈ ಲೋಹಕ್ಕೆ ಹುಳಿಯೂ ಆಗದು, ಕ್ಷಾರವೂ ಆಗದು. ಅದರ ಮೈಮೇಲೆ ಗಾಳಿಯಿಂದ ತಾನಾಗಿ ಉಂಟಾಗುವ ಕಣ್ಣಿಗೆ ಕಾಣದ ಪದರವೊಂದಿದೆ. ಆ ಪದರ ಇರುವವರೆಗೆ ಲೋಹ ಕ್ಷೇಮ. ಹುಳಿ ಅಥವಾ ಕ್ಷಾರ ಹೆಚ್ಚಾದರೆ ಪದರ ಕರಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಕೊರೆದು ತೂತು ಮಾಡುತ್ತದೆ.

ಈಗ ನಮ್ಮ ನೀರನ್ನು ನೆನೆಯಿರಿ. ಕಡಲತೀರದ ಎಷ್ಟೋ ಬಾವಿ, ಬೋರ್‌ವೆಲ್‌ಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಏರುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವುದನ್ನು ನೋಡಿದ್ದೇವೆ. ಅದೇ ಹಕ್ಕಳೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಶಾಖ ಹೊರಗೆ ಹೋಗದೆ ಇಂಜಿನ್ ಕಾಯುತ್ತದೆ. ಅತಿಯಾಗಿ ಕಾದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಅಲ್ಲಿಂದ ಮುಂದಿನ ಖರ್ಚು ರೇಡಿಯೇಟರಿನದಕ್ಕಿಂತಲೂ ದೊಡ್ಡದು.

ಇದನ್ನು ತಡೆಯಲೆಂದೇ ಕೂಲೆಂಟ್‌ನಲ್ಲಿ ತುಕ್ಕುನಿರೋಧಕಗಳನ್ನು ಬೆರೆಸಿರುತ್ತಾರೆ. ಅವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಹಳೆಯ ಬಗೆಯಲ್ಲಿ ಸಿಲಿಕೇಟ್‌ನಂತಹ ಲವಣಗಳಿವೆ. ಅವು ಲೋಹದ ಮೇಲೆ ಬೇಗನೆ ಪದರ ಕಟ್ಟುತ್ತವೆ, ಬೇಗನೆ ಖರ್ಚಾಗಿಯೂ ಹೋಗುತ್ತವೆ. ಆಯುಷ್ಯ ಸುಮಾರು ಎರಡು ವರ್ಷ. ಎರಡನೆಯದು ಸಾವಯವ ಆಮ್ಲಗಳ ಬಗೆ. ಬಾಟಲಿಯ ಮೇಲೆ ‘ಓಎಟಿ’ ಎಂದಿರುತ್ತದೆ. ಇದು ತುಕ್ಕು ಶುರುವಾಗುವ ಜಾಗದಲ್ಲಷ್ಟೇ ಕೆಲಸ ಮಾಡುವುದರಿಂದ ಸಾಮಾನ್ಯವಾಗಿ ಐದು ವರ್ಷ ಬಾಳುತ್ತದೆ. ಮೂರನೆಯದು ಇವೆರಡರ ಮಿಶ್ರಣ. ಜಪಾನ್ ಮತ್ತು ಕೊರಿಯಾದ ತಯಾರಕರು ಹೆಚ್ಚಾಗಿ ಫಾಸ್ಫೇಟ್ ಇರುವ, ಸಿಲಿಕೇಟ್ ಇಲ್ಲದ ಕೂಲೆಂಟ್ ಬಯಸುತ್ತಾರೆ. ಯೂರೋಪಿನವರು ಅಲ್ಲಿನ ಗಡಸು ನೀರಿನಲ್ಲಿ ಹಕ್ಕಳೆ ಕಟ್ಟುವುದೆಂದು ಫಾಸ್ಫೇಟನ್ನು ದೂರವಿಟ್ಟು ಸಿಲಿಕೇಟ್ ಬಳಸುತ್ತಾರೆ. ಎರಡೂ ಅಲ್ಯೂಮಿನಿಯಂಗೆ ಒಳ್ಳೆಯವೇ. ಆದರೆ ನಿಮ್ಮ ಕಾರಿಗೆ ಅದರ ತಯಾರಕರು ಹೇಳಿದ್ದೇ ಸರಿ.

ಇಲ್ಲಿಯೇ ಹೆಚ್ಚಿನವರು ಎಡವುವುದು. “ಹಸಿರಿತ್ತು, ಹಸಿರೇ ಕೊಡಿ” ಎಂದು ಅಂಗಡಿಯಲ್ಲಿ ಕೇಳುತ್ತಾರೆ. ಹಸಿರು, ಕೆಂಪು, ನೀಲಿ, ಗುಲಾಬಿ ಇವೆಲ್ಲ ಬೆರೆಸಿದ ಬಣ್ಣ ಮಾತ್ರ. ಸೋರಿದಾಗ ಕಾಣಲೆಂದು, ಒಂದನ್ನು ಇನ್ನೊಂದರಿಂದ ಗುರುತಿಸಲೆಂದು ಹಾಕಿದ್ದು. ಇಂಥ ಬಣ್ಣಕ್ಕೆ ಇಂಥದೇ ಬಗೆ ಎಂಬ ನಿಯಮ ಎಲ್ಲ ಕಂಪೆನಿಗಳಿಗೂ ಒಂದೇ ಇಲ್ಲ. ಬೇರೆ ಬಗೆಗಳನ್ನು ಬೆರೆಸಿದರೆ ನಿರೋಧಕ ಗುಣ ಕುಗ್ಗುತ್ತದೆ. ಕೆಲವೊಮ್ಮೆ ಗಂಜಿಯಂತೆ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುವುದೂ ಉಂಟು.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು?

ಮೊದಲು ಕಾರಿನೊಂದಿಗೆ ಬಂದ ಕೈಪಿಡಿಯಲ್ಲಿ ಕೂಲೆಂಟ್‌ನ ಪುಟ ಓದಿ. ಅಲ್ಲಿ ಬರೆದ ಬಗೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

ಎರಡನೆಯದಾಗಿ, ಬಾಟಲಿಯ ಹಿಂದಿನ ಚೀಟಿ ನೋಡಿ. ನಮ್ಮ ದೇಶದ ಮಾನಕ ಐಎಸ್ 5759, ಜಪಾನಿನದು ಜೆಐಎಸ್ ಕೆ 2234, ಅಮೆರಿಕದ್ದು ಎಎಸ್‌ಟಿಎಂ ಡಿ 3306. ಈ ಅಮೆರಿಕದ ಮಾನಕಕ್ಕೆ ತೇರ್ಗಡೆಯಾಗಲು ಬಿಸಿ ಅಲ್ಯೂಮಿನಿಯಂ ಎಷ್ಟು ಸವೆಯುತ್ತದೆ ಎಂಬ ಪರೀಕ್ಷೆಯನ್ನೂ ಗೆಲ್ಲಬೇಕು. ಇಂಥ ಯಾವ ಸಂಖ್ಯೆಯೂ ಇಲ್ಲದ ಅಗ್ಗದ ಬಾಟಲಿಯನ್ನು ಮುಟ್ಟದಿರುವುದೇ ಲೇಸು.

ಮೂರನೆಯದಾಗಿ, ಅದು ನೇರವಾಗಿ ಹಾಕುವಂಥದೋ, ನೀರು ಬೆರೆಸಬೇಕಾದದ್ದೋ ಕೇಳಿಕೊಳ್ಳಿ. ಬೆರೆಸಬೇಕಾದದ್ದಾದರೆ ಡಿಸ್ಟಿಲ್ಡ್ ವಾಟರ್ ಬಳಸಿ, ನಲ್ಲಿಯ ನೀರು ಬೇಡ. ಪ್ರಮಾಣ ಸಾಮಾನ್ಯವಾಗಿ ಅರ್ಧಕ್ಕರ್ಧ. ಬಾಟಲಿಯಲ್ಲಿ ಬೇರೆ ಹೇಳಿದ್ದರೆ ಅದರಂತೆ. ಗಟ್ಟಿಯಾಗಿ ಹಾಕಿದರೆ ಇನ್ನೂ ಒಳ್ಳೆಯದೆಂದು ತಿಳಿಯಬಾರದು. ನೀರಿಲ್ಲದ ಕೂಲೆಂಟ್ ಶಾಖವನ್ನು ಸರಿಯಾಗಿ ಒಯ್ಯುವುದಿಲ್ಲ.

ಅವಧಿ ಮುಗಿದ ಕೂಲೆಂಟನ್ನು ಬದಲಿಸಲೇಬೇಕು. ಹಳತಾದ ಗ್ಲೈಕಾಲ್ ಹುಳಿಯಾಗುತ್ತದೆ. ಅದುವರೆಗೆ ಲೋಹವನ್ನು ಕಾದದ್ದೇ ಅದನ್ನು ತಿನ್ನತೊಡಗುತ್ತದೆ. ಡಬ್ಬಿಯಲ್ಲಿ ಮಟ್ಟ ಮತ್ತೆ ಮತ್ತೆ ಇಳಿಯುತ್ತಿದ್ದರೆ ತುಂಬಿಸುತ್ತಾ ಕೂರಬೇಡಿ, ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಶಿರಾಡಿ ಘಾಟಿಯಲ್ಲಿ ಕಾರು ಕಾದು ನಿಂತು ಬೇರೆ ಗತಿಯಿಲ್ಲದಿದ್ದರೆ ಕುಡಿಯುವ ನೀರು ಹಾಕಬಹುದು. ಆದರೆ ಊರು ಸೇರಿದ ಮೇಲೆ ಅದನ್ನು ತೆಗೆಸಿ, ತೊಳೆಸಿ, ಸರಿಯಾದ ಕೂಲೆಂಟ್ ಹಾಕಿಸಿ.

ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆರೆಯಬೇಡಿ. ಅದರೊಳಗೆ ಪ್ರೆಶರ್ ಕುಕ್ಕರಿನಂತೆಯೇ ಒತ್ತಡವಿದೆ. ಕುಕ್ಕರಿನ ಆವಿ ಇಳಿಯುವ ಮುನ್ನ ಮುಚ್ಚಳ ತೆಗೆಯುವವರುಂಟೇ? ಇಂಜಿನ್ ಪೂರ್ತಿ ತಣಿಯುವವರೆಗೆ ಕಾಯಿರಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಮಕ್ಕಳದು. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಬಣ್ಣ ಶರಬತ್ತಿನಂತೆ, ರುಚಿ ಸಿಹಿ. ಸ್ವಲ್ಪ ಕುಡಿದರೂ ಮಗುವಿನ ಮೂತ್ರಪಿಂಡಕ್ಕೆ, ಜೀವಕ್ಕೇ ಅಪಾಯ. ಉಳಿದ ಕೂಲೆಂಟನ್ನು ನೀರಿನ ಅಥವಾ ಜ್ಯೂಸಿನ ಬಾಟಲಿಯಲ್ಲಿ ಇಡಬೇಡಿ. ನೆಲದ ಮೇಲೆ ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ, ಬೆಕ್ಕು ನಾಯಿಗಳೂ ನೆಕ್ಕುತ್ತವೆ. ಮಗು ಕುಡಿದಿದೆ ಎಂಬ ಸಂಶಯ ಬಂದರೂ ವಾಂತಿ ಮಾಡಿಸಲು ಹೋಗದೆ, ಆ ಬಾಟಲಿಯನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಧಾವಿಸಿ. ಆರಂಭದಲ್ಲಿ ಮಗು ಚೆನ್ನಾಗಿಯೇ ಕಾಣಬಹುದು, ಅದನ್ನು ನಂಬಿ ಕೂರಬೇಡಿ.

ಸಹೋದರಿಯರೇ, ಮುಂದಿನ ಸಲ ಕಾರು ಸರ್ವಿಸ್‌ಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: “ಇದಕ್ಕೆ ಯಾವ ಬಗೆಯ ಕೂಲೆಂಟ್ ಹಾಕಿದ್ದೀರಿ, ಯಾವಾಗ ಬದಲಿಸಬೇಕು?” ಉತ್ತರವನ್ನು ತಾರೀಖಿನ ಸಮೇತ ಕೈಪಿಡಿಯ ಹಿಂಬದಿಯಲ್ಲಿ ಬರೆದಿಡಿ.