ವಸ್ತ್ರ ವಿನಿಮಯವೂ ಗ್ರಾಮದ ಮಾನವೂ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂತಹ ಗ್ರಾಮಗಳಲ್ಲಿ ಉಟ್ಟು ಬಿಟ್ಟ ಬಟ್ಟೆಗಳ ಗತಿಯೇನಾಗುತ್ತಿರುವುದೆಂಬುದನ್ನು ನಮ್ಮ ವಾಚಕರು ಎಂದಾದರೂ ಆಲೋಚಿಸಿರುವರೇ? ಹಿಂದೆ ಹಳೆಯ ನೂಲಿನ ಸೀರೆಯು ಕೂಸಿನ ಜೋಲಿಗೂ ಕೌದಿಗೂ ಒದಗಿ, ಕಟ್ಟಕಡೆಗೆ ಒಲೆಯ ಬಳಿಯ ಮಸಿಬಟ್ಟೆಯಾಗುತ್ತಿತ್ತು. ಈಗ ಅಗ್ಗದ ಪಾಲಿಯೆಸ್ಟರ್ ಎಲ್ಲ ಮನೆಗಳನ್ನೂ ಹೊಕ್ಕಿದೆ. ಅದು ನೀರನ್ನು ಹೀರದು, ಬಿಸಿಯನ್ನು ತಾಳದು, ಮಣ್ಣಿನಲ್ಲಿ ಬೇಗ ಕೊಳೆಯದು. ಒಂದು ಪಾಲು ಪಾತ್ರೆ ಮಾರುವವರ ಗಂಟನ್ನು ಸೇರುವುದು. ಮಿಕ್ಕುದು ಪೆಟ್ಟಿಗೆಯಲ್ಲಿ ಮುಗ್ಗುವುದು, ಇಲ್ಲವೆ ತಿಪ್ಪೆಯಲ್ಲಿ ಉರಿಯುವುದು. ಅದೇ ಬೀದಿಯಲ್ಲಿ ಬೆಳೆಯುವ ಮಕ್ಕಳಿಗೆ ಹೋದ ವರ್ಷದ ಅಂಗಿಯು ಈ ವರ್ಷ ಗಿಡ್ಡವಾಗಿರುವುದು. ಮಳೆಯನ್ನು ನಂಬಿ ಶೇಂಗಾ ಬಿತ್ತುವ ಸೀಮೆಯಲ್ಲಿ ಬೆಳೆಯು ಕೈಕೊಟ್ಟರೆ ಮೊದಲು ನಿಲ್ಲುವ ಖರ್ಚು ಬಟ್ಟೆಯದೇ.

ಆದಕಾರಣ, ಗ್ರಾಮಸ್ಥರೆಲ್ಲರೂ ತಮಗೆ ಬೇಡವಾದ ಬಟ್ಟೆಗಳನ್ನು ಒಂದೆಡೆಗೆ ತಂದು, ಬೇಕಾದುದನ್ನು ಹಣವಿಲ್ಲದೆ ಕೊಂಡೊಯ್ಯುವ ಕೂಟವೊಂದು ವರ್ಷಕ್ಕೊಮ್ಮೆಯಾದರೂ ನಡೆಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ಆದರೆ ಅದು ದಾನವಾಗಕೂಡದು.

ಒಡೆಯರ ಮನೆಯ ಹಳೆಯ ಧೋತರವು ಜೀತದಾಳಿನ ಮೈಮೇಲೆ ಬಂದಾಗ ಅದು ಬರಿಯ ಬಟ್ಟೆಯಾಗಿರಲಿಲ್ಲ. ಕೊಟ್ಟವನು ಮೇಲು, ಪಡೆದವನು ಕೀಳು ಎಂಬುದರ ಗುರುತಾಗಿತ್ತು. ಜೀತವನ್ನು ರದ್ದುಗೊಳಿಸುವ ಶಾಸನವು 1976ರಲ್ಲಿಯೇ ಬಂದರೂ ಆ ನೆನಪು ಅಳಿದಿಲ್ಲ. 2004ರ ಡಿಸೆಂಬರಿನ ಸುನಾಮಿಯ ಬಳಿಕ ತಮಿಳುನಾಡಿನ ತೀರಕ್ಕೆ ದೇಶದ ಎಲ್ಲೆಡೆಯಿಂದ ಹಳೆಯ ಬಟ್ಟೆಗಳು ಬಂದುವು. ಅವುಗಳಲ್ಲಿ ಎಷ್ಟೋ ರಾಶಿಗಳು ರಸ್ತೆಯ ಬದಿಯಲ್ಲಿಯೇ ಬಿದ್ದುವು. ಮನೆ ಕಳೆದುಕೊಂಡವರೂ ಮಾನವನ್ನು ಕಳೆದುಕೊಂಡಿರಲಿಲ್ಲವಷ್ಟೆ! 1999ರಲ್ಲಿ ಅಂಶು ಗುಪ್ತಾ ಅವರು ದೆಹಲಿಯಲ್ಲಿ ಸ್ಥಾಪಿಸಿದ ಗೂಂಜ್ ಸಂಸ್ಥೆಯು ಈ ಮರ್ಮವನ್ನು ಅರಿತುಕೊಂಡಿತು. ಗ್ರಾಮಸ್ಥರು ತಮ್ಮೂರಿನ ಬಾವಿ, ರಸ್ತೆಗಳ ಕೆಲಸವನ್ನು ತಾವೇ ಕೂಡಿ ಮಾಡುವರು. ಬಟ್ಟೆಯು ಆ ದುಡಿಮೆಗೆ ಸಲ್ಲುವ ಗೌರವವಾಗುವುದು. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆತುದು ಯೋಗ್ಯವೇ ಆಗಿದೆ.

2023ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಹಳೆಯ ಬಟ್ಟೆ, ಪುಸ್ತಕ ಮುಂತಾದುವುಗಳ ಸಂಗ್ರಹ ಕೇಂದ್ರಗಳನ್ನು ತೆರೆಯಿಸಲು ಆಂದೋಲನವನ್ನು ಹೂಡಿತು. ಆದರೆ ಅದು ನಗರಗಳಿಗೆಂದು ಆದ ಏರ್ಪಾಡು. ಹಳ್ಳಿಯು ತನ್ನದನ್ನು ತಾನೇ ಮಾಡಿಕೊಳ್ಳಬೇಕು, ಅದೇನೂ ಕಠಿನವಲ್ಲ. ಶಾಲೆಯ ಒಂದು ಕೊಠಡಿ, ನಾಲ್ಕು ಹಗ್ಗ, ಸ್ತ್ರೀಶಕ್ತಿ ಸಂಘದ ಕೆಲವರು ತಾಯಂದಿರು ಇದ್ದರೆ ಸಾಕು. ತರುವ ಬಟ್ಟೆಯು ಒಗೆದು, ಗುಂಡಿ ಹಾಕಿ, ಹೊಲಿದದ್ದಾಗಿರತಕ್ಕದ್ದು. ನಮ್ಮ ಮಗುವಿಗೆ ನಾವು ತೊಡಿಸಲೊಲ್ಲದ್ದನ್ನು ಹಗ್ಗಕ್ಕೆ ಹಾಕಕೂಡದು. ಯಾರು ಎಷ್ಟು ತಂದರೆಂಬುದನ್ನು ಬರೆಯಕೂಡದು. ಬರಿಗೈಯಲ್ಲಿ ಬಂದವರನ್ನು ಕೇಳಕೂಡದು. ಭಾಷಣ, ಹಾರ, ಭಾವಚಿತ್ರಗಳು ಬೇಡವೇ ಬೇಡ. ಉಳಿದ ನೂಲಿನ ಬಟ್ಟೆಯು ಕೌದಿಯಾಗಲಿ.

ಇದರಿಂದ ನೇಕಾರನಿಗೆ ನಷ್ಟವೆಂದು ಕೆಲವರು ಆಕ್ಷೇಪಿಸಬಹುದು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೂ ಚಳ್ಳಕೆರೆಯ ಕಂಬಳಿಗೂ ಮಗುವಿನ ಹಳೆಯ ಅಂಗಿಯು ವೈರಿಯಲ್ಲ. ಇನ್ನೊಬ್ಬರು ಉಟ್ಟದ್ದು ಮೈಲಿಗೆಯೆಂಬ ಆಕ್ಷೇಪವೇ ಹೆಚ್ಚಿನದು. ಕೊಳೆಯನ್ನು ಕುದಿವ ನೀರೂ ಬಿಸಿಲೂ ತೆಗೆಯುವುವು. ಅಷ್ಟರ ಮೇಲೆಯೂ ಉಳಿಯುವ ಮೈಲಿಗೆಯು ಬಟ್ಟೆಯದಲ್ಲ, ಮನಸ್ಸಿನದು. ಮೇಲಿನವರು ಕೊಟ್ಟದ್ದನ್ನು ಕೇರಿಯವರು ಉಡಬಹುದಾದರೆ, ಕೇರಿಯವರು ತಂದುದನ್ನು ಮೇಲಿನವರೇಕೆ ಉಡಬಾರದು? ಹೀಗೆ ಎರಡೂ ಕಡೆಗೆ ಸಾಗದಿದ್ದರೆ ಅದನ್ನು ವಿನಿಮಯವೆಂದು ಕರೆಯುವುದು ಸುಳ್ಳಾಗುವುದು.

ಆದುದರಿಂದ ಊರ ಪ್ರಮುಖರು ಕೊಟ್ಟು ಹೊರಟುಹೋಗದೆ, ತಮ್ಮ ಮನೆಯ ಮಕ್ಕಳಿಗೂ ಒಂದೊಂದು ಅಂಗಿಯನ್ನು ಎಲ್ಲರೆದುರಿಗೆ ಆರಿಸಿಕೊಂಡು ಹೋಗಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆಯುವುದಕ್ಕೆ ಮುನ್ನವೇ ಹರಿಯಬ್ಬೆಯವರು ಈ ಕಾರ್ಯಕ್ಕೆ ಮೊದಲಿಡಲಿ. ನೆರೆಯ ಊರುಗಳು ತಾವಾಗಿಯೇ ಅನುಸರಿಸುವುವು.