‘ಎಲ್ಲ ಚೆನ್ನಾಗಿದೆ’ ಎಂಬ ಶಾಪ

ದುಬೈನಲ್ಲಿ ನಮಗೆ ಪರಿಚಯವಿರುವ ನಾಲ್ಕಾರು ಕನ್ನಡ ಮನೆಗಳಲ್ಲಿ ಒಂದು ಪುಸ್ತಕ ಕೈಯಿಂದ ಕೈಗೆ ಓಡಾಡುತ್ತಿದೆ. ಹೆಸರು ‘ಸಿಕ್ಸ್ ಕ್ರಿಮ್ಸನ್ ಕ್ರೇನ್ಸ್’. ಎಲಿಜಬೆತ್ ಲಿಮ್ ಬರೆದ ಇದು 2021ರಲ್ಲಿ ಬಂದದ್ದು, ಹದಿಹರೆಯದವರಿಗಾಗಿ ಬರೆದ ಮಾಯಾಲೋಕದ ಕಾದಂಬರಿ. ರಾಜಕುಮಾರಿ, ಡ್ರ್ಯಾಗನ್, ಹಕ್ಕಿಗಳಾಗುವ ಅಣ್ಣಂದಿರು. ದಿನವಿಡೀ ಬ್ಯಾಲೆನ್ಸ್ ಶೀಟ್ ನೋಡುವ ನಮಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಮಕ್ಕಳು ಊಟ ಬಿಟ್ಟು ಓದುವುದು ಏನನ್ನು ಎಂದು ನೋಡಲು ಕೈಗೆತ್ತಿಕೊಂಡೆವು. ಮುಗಿಸುವ ಹೊತ್ತಿಗೆ, ಇದರ ಕತೆ ಊರಲ್ಲಿರುವ ನಮ್ಮ ಮನೆಯವರಿಗೂ ಗೊತ್ತಿರಬೇಕು ಅನ್ನಿಸಿತು.

ಕಿಯಾಟಾ ಎಂಬ ದೇಶ. ಅಲ್ಲಿ ಮಾಯೆ-ಮಂತ್ರಕ್ಕೆ ನಿಷೇಧ. ದೊರೆಗೆ ಆರು ಗಂಡುಮಕ್ಕಳು, ಒಬ್ಬಳೇ ಮಗಳು ಶಿಯೋರಿ. ಅವಳಲ್ಲೋ ಗುಟ್ಟಾದ ಮಂತ್ರಶಕ್ತಿ. ಕಾಗದ ಮಡಚಿ ಮಾಡಿದ ಹಕ್ಕಿಗೆ ಜೀವ ಕೊಟ್ಟು ಕಿಕಿ ಎಂದು ಹೆಸರಿಡುತ್ತಾಳೆ. ಮಲತಾಯಿ ರೈಕಾಮಾ ಒಂದು ದಿನ ಆರೂ ಅಣ್ಣಂದಿರನ್ನು ಕೆಂಪು ನೆತ್ತಿಯ ಕ್ರೌಂಚ ಪಕ್ಷಿಗಳಾಗಿ ಮಾಡಿ, ಶಿಯೋರಿಯ ತಲೆಯ ಮೇಲೆ ತೆಗೆಯಲಾಗದ ಮರದ ಬೋಗುಣಿಯೊಂದನ್ನು ಕವುಚಿ, ಯಾರೂ ಗುರುತಿಸದ ದೂರದ ಊರಿಗೆ ಅಟ್ಟಿಬಿಡುತ್ತಾಳೆ. ಜೊತೆಗೊಂದು ಶಾಪ: ಅವಳ ಬಾಯಿಂದ ಒಂದು ಶಬ್ದ ಹೊರಟರೂ ಒಬ್ಬ ಅಣ್ಣ ಸಾಯುತ್ತಾನೆ.

ಕತೆಯ ಬೇರು ಹಳೆಯದು. ಗ್ರಿಮ್ ಸಹೋದರರ 1812ರ ಸಂಕಲನದಲ್ಲಿ ಆರು ಹಂಸಗಳ ಕತೆಯಿದೆ. ಆಂಡರ್ಸನ್ 1838ರಲ್ಲಿ ಅದನ್ನೇ ಹನ್ನೊಂದು ಅಣ್ಣಂದಿರ ಕತೆಯಾಗಿ ಹೇಳಿದ. ತಲೆಗೆ ಬೋಗುಣಿ ಕವುಚಿದ ಹುಡುಗಿ ಜಪಾನಿನ ಜನಪದದವಳು. ಕ್ಯಾಲಿಫೋರ್ನಿಯಾ ಮತ್ತು ಟೋಕಿಯೊ ಎರಡೂ ಕಡೆ ಬೆಳೆದ ಲಿಮ್‌ಗೆ ಎರಡೂ ಕಡೆಯ ಕತೆಗಳನ್ನು ಒಂದೇ ಒಲೆಯ ಮೇಲೆ ಇಡುವುದು ಕಷ್ಟವಾಗಿಲ್ಲ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಡ್ರ್ಯಾಗನ್ ಅಲ್ಲ, ಅಡುಗೆಮನೆ. ದೊರೆಯ ಮಗಳು ಯಾವುದೋ ಹಳ್ಳಿಯ ಛತ್ರದಲ್ಲಿ ಅಡುಗೆ ಆಳಾಗಿ ದುಡಿಯುತ್ತಾಳೆ. ಬೈಗುಳ ತಿಂದರೂ ತಾನು ಯಾರೆಂದು ಹೇಳುವಂತಿಲ್ಲ. ಮುಖ ಮುಚ್ಚಿದೆ, ಬಾಯಿ ಕಟ್ಟಿದೆ. ಇಂಥವರನ್ನು ನಾವು ಇಲ್ಲಿ ವಾರಕ್ಕೊಮ್ಮೆಯಾದರೂ ನೋಡುತ್ತೇವೆ. ಊರಿನಲ್ಲಿ ‘ನಮ್ಮ ಹುಡುಗ ದುಬೈ ಕಂಪನಿಯಲ್ಲಿ ಮ್ಯಾನೇಜರ್’ ಎಂದು ಹೇಳಿಕೊಂಡಿರುತ್ತಾರೆ. ಇಲ್ಲಿ ಆ ಹುಡುಗ ಆರು ಜನರ ರೂಮಿನಲ್ಲಿ ಒಂದು ಬೆಡ್‌ಸ್ಪೇಸ್ ಹಿಡಿದು, ವಿಡಿಯೊ ಕಾಲ್ ಮಾಡುವಾಗ ಮಾತ್ರ ಕೆಳಗಿಳಿದು ಕಟ್ಟಡದ ಲಾಬಿಯಲ್ಲಿ ಕೂರುತ್ತಾನೆ.

ಲೆಕ್ಕ ಬಲ್ಲವರೆಂದು ನಮ್ಮ ಹತ್ತಿರ ಕಾಗದ ಹಿಡಿದು ಬರುವವರ ಕತೆಯೂ ಇದೇ. ಮೂರು ತಿಂಗಳಿಂದ ಸಂಬಳವಿಲ್ಲ, ಆದರೆ ಊರಿಗೆ ದುಡ್ಡು ಹೋಗುವುದು ಒಂದು ತಿಂಗಳೂ ತಪ್ಪಿಲ್ಲ. ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದು ಕಳಿಸಿರುತ್ತಾರೆ. ಆ ದುಡ್ಡಿನಲ್ಲಿ ಊರಿನಲ್ಲಿ ಮನೆಗೆ ಎರಡನೇ ಮಹಡಿ ಏಳುತ್ತಿರುತ್ತದೆ. ಮನೆಯವರಿಗೆ ಹೇಳಿದ್ದೀರಾ ಎಂದರೆ, ‘ಅಮ್ಮನಿಗೆ ಗೊತ್ತಾದರೆ ತಡೆದುಕೊಳ್ಳೋಲ್ಲ ಸಾರ್’. ಒಂದು ಮಾತು ಆಡಿದರೆ ಒಂದು ಪ್ರಾಣ ಹೋದೀತು ಎಂಬ ಅದೇ ಭಯ. ಕಾದಂಬರಿಯಲ್ಲಿ ಶಾಪ ಹಾಕಿದವಳು ಮಲತಾಯಿ. ಇಲ್ಲಿ ನಮಗೆ ನಾವೇ ಹಾಕಿಕೊಂಡಿದ್ದೇವೆ.

ಊರಿನ ಕಡೆಯಿಂದಲೂ ಇದೇ ವ್ಯವಹಾರ. ಅಪ್ಪನಿಗೆ ಸ್ಟೆಂಟ್ ಹಾಕಿಸಿದ್ದು ಇಲ್ಲಿ ಗೊತ್ತಾಗುವುದು ಮೂರು ತಿಂಗಳ ಮೇಲೆ, ಅದೂ ಪಕ್ಕದ ಮನೆಯವರ ಬಾಯಿಂದ. ‘ಅಷ್ಟು ದೂರ ಇದ್ದೀಯ, ನಿನಗ್ಯಾಕೆ ಚಿಂತೆ ಅಂತ ಹೇಳಲಿಲ್ಲ.’ ಎರಡೂ ಕಡೆ ಪ್ರೀತಿಯೇ, ಎರಡೂ ಕಡೆ ಬೋಗುಣಿ.

ಮೌನದ ಬಗ್ಗೆ ನಮ್ಮ ನಾಡಿನಲ್ಲೇ ಬೇರೊಂದು ಕತೆಯಿದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕತೆಗಳಲ್ಲಿ ಒಂದು. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವೆರಡೂ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಂದು, ಒಂದು ಗಂಡಸಿನ ಕೋಟಾಗಿ, ಇನ್ನೊಂದು ಚಪ್ಪಲಿ ಜೋಡಿಯಾಗಿ ಬಾಗಿಲಲ್ಲಿ ಕೂತವು. ಗಂಡ ಬಂದು ನೋಡಿದ, ಅನುಮಾನಪಟ್ಟ, ಸಂಸಾರಕ್ಕೆ ಬೆಂಕಿ ಬಿತ್ತು. ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ ಬಳಸಿಕೊಂಡದ್ದರಿಂದ ನಾಟಕ ನೋಡಿದವರಿಗೆ ಇದರ ನೆನಪಿದ್ದೀತು. ಆಡಿದರೆ ಸಾವು ಎನ್ನುವ ಕತೆ ಅದು, ಆಡದಿದ್ದರೆ ಮನೆ ಮುರಿಯುತ್ತದೆ ಎನ್ನುವ ಕತೆ ಇದು. ನಾವು ಇಷ್ಟು ವರ್ಷ ಕಂಡದ್ದನ್ನು ವಿವರಿಸುವುದು ಎರಡನೆಯದೇ. ಹೇಳದ ಸಾಲ ಒಂದು ದಿನ ಬ್ಯಾಂಕಿನವರ ಫೋನಾಗಿ ಬರುತ್ತದೆ. ಹೇಳದ ಕಾಯಿಲೆ ಅರ್ಧರಾತ್ರಿಯ ವಿಮಾನದ ಟಿಕೆಟ್ಟಾಗಿ ಬರುತ್ತದೆ.

ಹಾಗಂತ ಎಲ್ಲವನ್ನೂ ಸುರಿದುಬಿಡಬೇಕೆ? ಬಿಪಿ ಇರುವ ತಾಯಿಗೆ ದಿನವೂ ಆಫೀಸಿನ ರಗಳೆ ಹೇಳಿ ಪ್ರಯೋಜನವಿಲ್ಲ, ಒಪ್ಪುತ್ತೇವೆ. ನಮ್ಮ ವೃತ್ತಿಯಲ್ಲಿ ಇದಕ್ಕೊಂದು ನಿಯಮವಿದೆ. ಮುಂದೆ ಬರಬಹುದಾದ ನಷ್ಟ ಬರುವುದೇ ಹೆಚ್ಚು ಸಂಭವ ಎಂದಾದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಕು. ಬಂದರೂ ಬರಬಹುದು ಎನ್ನುವಂತಿದ್ದರೆ ಟಿಪ್ಪಣಿಯಲ್ಲಾದರೂ ತೋರಿಸಬೇಕು. ತೀರಾ ದೂರದ ಮಾತಾದರೆ ಬಿಡಬಹುದು. ಬಾಸ್ ಗದರಿದ್ದು ಮೂರನೆಯ ಗುಂಪಿನದು, ಮನೆಗೆ ಹೇಳಬೇಕಾಗಿಲ್ಲ. ಸಂಬಳ ಎರಡು ತಿಂಗಳು ನಿಂತದ್ದು ಮೊದಲನೆಯ ಗುಂಪಿನದು. ಹೇಳಿದರೆ ಕನಿಷ್ಠ ಎರಡನೇ ಮಹಡಿಯಾದರೂ ನಿಲ್ಲುತ್ತದೆ.

ಹೇಳದಿರುವುದರಿಂದ ಇರುವ ಅನುಕೂಲವೂ ಲೆಕ್ಕಕ್ಕೆ ಸಿಗುವುದಿಲ್ಲ. ಯುಎಇಯಲ್ಲಿ 2023ರಿಂದ ಕೆಲಸ ಕಳೆದುಕೊಂಡವರಿಗೆ ಕಡ್ಡಾಯ ವಿಮೆಯಿದೆ. ಕನಿಷ್ಠ 12 ತಿಂಗಳು ಕಂತು ಕಟ್ಟಿ, ಉಳಿದ ಷರತ್ತುಗಳೂ ಸರಿಯಿದ್ದರೆ, ಮೂಲ ವೇತನದ ಶೇ 60ರಷ್ಟು ಹಣ ಗರಿಷ್ಠ ಮೂರು ತಿಂಗಳು ಬರುತ್ತದೆ. ಆ ಮೂರು ತಿಂಗಳಲ್ಲಿ ಮನೆಯ ಖರ್ಚನ್ನು ಹೇಗೆ ತಗ್ಗಿಸುವುದು ಎಂದು ಗಂಡ-ಹೆಂಡತಿ ಕೂತು ಮಾತಾಡಬಹುದು. ಕೆಲಸ ಹೋದದ್ದೇ ಗೊತ್ತಿಲ್ಲದವರು ಏನು ಮಾತಾಡುತ್ತಾರೆ?

ಶಿಯೋರಿಯ ಮೌನಕ್ಕೂ ನಮ್ಮದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಅವಳು ಸುಮ್ಮನೆ ಸಹಿಸಿಕೊಂಡು ಕೂತಿಲ್ಲ. ಮುಟ್ಟಿದರೆ ಕೈ ಸುಡುವ ತುರಿಕೆಗಿಡದ ನಾರಿನಿಂದ ಬಲೆ ಹೆಣೆಯುತ್ತಾಳೆ, ಶಾಪ ಬಿಡಿಸುವುದಕ್ಕೆ. ಆ ಮೌನಕ್ಕೆ ಕೊನೆಯಿದೆ, ಕೈಯಲ್ಲಿ ಕೆಲಸವಿದೆ. ನಮ್ಮ ‘ಎಲ್ಲ ಚೆನ್ನಾಗಿದೆ’ಗೆ ಎರಡೂ ಇಲ್ಲ.

ಪುಸ್ತಕದಲ್ಲಿ ಎಲ್ಲವೂ ನಮಗೆ ಹಿಡಿಸಿತೆಂದಲ್ಲ. ಮುಖ ನೋಡದೆಯೇ ಬೇಡವೆಂದಿದ್ದ ವರನೇ ಒಳ್ಳೆಯವನಾಗಿ ಸಿಗುವುದು ತುಸು ಸಲೀಸಾಯಿತು, ಡ್ರ್ಯಾಗನ್ನಿನ ಕತೆಯನ್ನು 2022ರ ‘ದಿ ಡ್ರ್ಯಾಗನ್ಸ್ ಪ್ರಾಮಿಸ್’ ಎಂಬ ಎರಡನೇ ಭಾಗಕ್ಕೆ ದಾಟಿಸಿದ್ದೂ ವ್ಯಾಪಾರದ ಜಾಣತನದಂತೆ ಕಂಡಿತು. ಆದರೆ ಮಲತಾಯಿಯನ್ನು ಬರೀ ಕೆಟ್ಟವಳನ್ನಾಗಿ ಬಿಟ್ಟಿಲ್ಲ, ಅವಳ ಬಾಯಲ್ಲೂ ಹೇಳದೆ ಉಳಿದ ಮಾತಿತ್ತು. ಅದೇನೆಂದು ಇಲ್ಲಿ ಹೇಳಿದರೆ ಮಕ್ಕಳು ಜಗಳಕ್ಕೆ ಬರುತ್ತಾರೆ. ಮೊಮ್ಮಕ್ಕಳು ಈ ಪುಸ್ತಕ ಓದಿದ್ದರೆ ಫೋನಿನಲ್ಲಿ ಕನ್ನಡದಲ್ಲೇ ಕತೆ ಹೇಳಿಸಿಕೊಳ್ಳಿ. ಅವರೂ ತಡವರಿಸುತ್ತಾರೆ, ಅಜ್ಜ-ಅಜ್ಜಿಗೂ ಹೊತ್ತು ಹೋಗುತ್ತದೆ.

ಆಮೇಲೆ ಫೋನನ್ನು ಮಗನ ಕೈಗೋ ಸೊಸೆಯ ಕೈಗೋ ಕೊಡಿಸಿ. ‘ಊಟ ಆಯ್ತಾ’ ಜೊತೆಗೆ ‘ಈ ತಿಂಗಳು ಸಂಬಳ ಬಂತಾ’ ಅಂತಲೂ ಕೇಳಿ. ಮೊದಲ ಸಲ ‘ಎಲ್ಲ ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ. ಎರಡನೇ ಸಲವೂ ಕೇಳಿ. ಅಪ್ಪನ ಮಾತ್ರೆ ಬದಲಾಗಿದ್ದರೆ ಅದನ್ನು ನೀವೂ ಹೇಳಿ.