ಗಿಡ ನೆಟ್ಟರೆ ಸಾಕೇ? ಕಾಲೇಜಿನ ನೀರು, ಶೌಚಾಲಯ ಮತ್ತು ನಮ್ಮ ಮಕ್ಕಳು

ಕಳೆದ ಬೇಸಿಗೆಯಲ್ಲಿ ಸಿದ್ದಾಪುರ ಕಡೆಯ ಹಳ್ಳಿಯಿಂದ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದಿದ್ದರು. ಮಗಳು ಪದವಿ ಎರಡನೇ ವರ್ಷದಲ್ಲಿ ಓದುತ್ತಿದ್ದಳು. ಉರಿಮೂತ್ರ, ಕಿಬ್ಬೊಟ್ಟೆ ನೋವು, ಸಣ್ಣಗೆ ಜ್ವರ. ಆರು ತಿಂಗಳಲ್ಲಿ ಇದು ಮೂರನೇ ಸಲ.

"ದಿನಕ್ಕೆ ಎಷ್ಟು ನೀರು ಕುಡೀತೀಯಮ್ಮಾ?" ಎಂದು ಕೇಳಿದೆ.

"ಮನೇಲಿ ಕುಡೀತೀನಿ ಮೇಡಂ. ಕಾಲೇಜಲ್ಲಿ ಕುಡಿಯಲ್ಲ."

"ಯಾಕೆ?"

ಅವಳು ತಾಯಿಯ ಮುಖ ನೋಡಿದಳು. ತಾಯಿಯೇ ಹೇಳಿದರು: "ಅಲ್ಲಿ ಪಾಯಖಾನೆಗೆ ನೀರಿಲ್ಲ ಡಾಕ್ಟ್ರಮ್ಮಾ. ಮಾರ್ಚಿಂದ ಬೀಗ ಹಾಕಿದ್ದಾರಂತೆ. ದಿನಾ ಬಾಟ್ಲಿ ತುಂಬಿ ಕೊಡ್ತೀನಿ, ಹಾಗೇ ವಾಪಸ್ ತರ್ತಾಳೆ."

ಬೆಳಿಗ್ಗೆ ಏಳರ ಬಸ್ಸಿಗೆ ಹೊರಟ ಹುಡುಗಿ ಮನೆ ಸೇರುವುದು ಸಂಜೆ ಐದಕ್ಕೆ. ಅಷ್ಟು ಹೊತ್ತೂ ಬಾಯಿಗೆ ನೀರಿಲ್ಲ, ಮೂತ್ರ ವಿಸರ್ಜನೆಯೂ ಇಲ್ಲ. ಚೀಟಿ ಬರೆಯುತ್ತಿದ್ದಾಗ ಅವಳೇ ಇನ್ನೊಂದು ಮಾತು ಹೇಳಿದಳು. ಹಿಂದಿನ ಜೂನ್ 5ರಂದು ಅದೇ ಕಾಲೇಜಿನಲ್ಲಿ ವಿಶ್ವ ಪರಿಸರ ದಿನ ನಡೆದಿತ್ತು. ಇವಳೂ ಗಿಡ ನೆಟ್ಟಿದ್ದಳು, ಫೋಟೋದಲ್ಲೂ ಇದ್ದಳು. ಆ ಗಿಡಗಳಲ್ಲಿ ಎಷ್ಟು ಬದುಕಿವೆ ಎಂದು ಕೇಳಿದೆ. "ಬೇಸಿಗೆಯಲ್ಲಿ ನೀರಿರಲಿಲ್ಲ ಮೇಡಂ, ಒಣಗಿದವು" ಎಂದಳು.

ಗಿಡ ಒಣಗಿದ ಕಾರಣವೂ ಹುಡುಗಿ ಕಾಯಿಲೆ ಬಿದ್ದ ಕಾರಣವೂ ಒಂದೇ. ಈ ತಿಂಗಳು ನಾನು ಹೇಳಬೇಕೆಂದಿರುವುದು ಇಷ್ಟೇ: ಕಾಲೇಜಿನ ಪರಿಸರ ಕಾಳಜಿ ಮೊದಲು ನೀರಿನ ಟ್ಯಾಂಕ್, ಶೌಚಾಲಯ ಮತ್ತು ಕಸದ ಗುಂಡಿಯಿಂದ ಶುರುವಾಗಬೇಕು. ಅದರ ಲೆಕ್ಕ ವಿದ್ಯಾರ್ಥಿಗಳ ಕೈಯಲ್ಲಿರಬೇಕು.

ನಮ್ಮ ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತಾರೆ. ಅವನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತಾರೆ. ಸುತ್ತಲಿನ ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಕೊನೆಯದಾಗಿ ದೇಹ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಹೊರಹಾಕಬೇಕು ಎಂಬುದು. ಮೊದಲ ಸ್ಥಾನ ಗಾಳಿಗೆ. ಕೊನೆಯದಕ್ಕೆ ಇಹ್ತಿಬಾಸ್ ಮತ್ತು ಇಸ್ತಿಫ್ರಾಗ್ ಎಂದು ಹೆಸರು. ಹೊರಹೋಗಬೇಕಾದುದನ್ನು ತಡೆದರೆ ರೋಗ ಎಂದು ಹಕೀಮರು ಶತಮಾನಗಳ ಹಿಂದೆಯೇ ಹೇಳಿದ್ದಾರೆ. ಇಂದಿನ ವೈದ್ಯ ವಿಜ್ಞಾನ ಹೇಳುವುದೂ ಅದನ್ನೇ. ಹೆಣ್ಣುಮಕ್ಕಳ ಮೂತ್ರನಾಳ ಸುಮಾರು 4 ಸೆಂ.ಮೀ. ಮಾತ್ರ ಉದ್ದವಿರುವುದರಿಂದ ರೋಗಾಣು ಸುಲಭವಾಗಿ ಮೂತ್ರಕೋಶ ಸೇರುತ್ತದೆ. ನೀರು ಕುಡಿಯದೆ, ಮೂತ್ರ ತಡೆದು ಕೂತರೆ ಅಲ್ಲೇ ಬೆಳೆಯುತ್ತದೆ. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಆಗ ಮನೆಮದ್ದು ಮಾಡುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಯುನಾನಿ ವೈದ್ಯೆಯಾಗಿಯೂ ನಾನು ಇದನ್ನೇ ಹೇಳುತ್ತೇನೆ.

ನಾನು ಔಷಧ ಕೊಟ್ಟೆ, ಮೂತ್ರ ಪರೀಕ್ಷೆ ಮಾಡಿಸಿದೆ. ಆದರೆ ಬೀಗ ಹಾಕಿದ ಬಾಗಿಲಿಗೆ ನನ್ನ ಬಳಿ ಔಷಧವಿಲ್ಲ.

"ನೀರೇ ಇಲ್ಲ, ಏನು ಮಾಡುವುದು?" ಎಂದು ಆಡಳಿತದವರು ಕೇಳಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಈ ಮಾತು ಹೇಳುವುದಕ್ಕೆ ಸ್ವಲ್ಪ ಯೋಚಿಸಬೇಕು. ನಮ್ಮಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಮೀಟರ್ ಚಾವಣಿಯ ಕಟ್ಟಡದ ಮೇಲೆ ವರ್ಷಕ್ಕೆ 20 ಲಕ್ಷ ಲೀಟರ್ ಬೀಳುತ್ತದೆ. ಅದರಲ್ಲಿ ಅರ್ಧವನ್ನಾದರೂ ಸೋಸಿ ಬಾವಿಗೆ, ಇಂಗುಗುಂಡಿಗೆ ಬಿಟ್ಟರೆ ಬೇಸಿಗೆಯ ಚಿತ್ರವೇ ಬೇರೆಯಾಗುತ್ತದೆ. ಈಗ ಆ ನೀರು ಅಂಗಳದ ಮಣ್ಣನ್ನೂ ಕೊಚ್ಚಿಕೊಂಡು ಚರಂಡಿ ಸೇರುತ್ತದೆ. ಏಪ್ರಿಲ್ ಬಂದರೆ ಟ್ಯಾಂಕರ್‌ಗೆ ಫೋನ್ ಮಾಡುತ್ತೇವೆ.

ಕಾಡು ಮತ್ತು ನೀರಿನ ಈ ನಂಟನ್ನು ಹೊರಗಿನವರು ಬಂದು ನಮಗೆ ಕಲಿಸಬೇಕಾಗಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಬಳಿಯ ಕಳಾಸೆ ಕಾಡಿನಲ್ಲಿ ಹಳ್ಳಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. ಪಾಂಡುರಂಗ ಹೆಗಡೆಯವರ ಜೊತೆ ಅಲ್ಲಿನ ಯುವಕ ಮಂಡಳಿಯವರು ಮುಂದೆ ನಿಂತಿದ್ದರು. ಅಪ್ಪಿಕೋ ಚಳವಳಿ ಎಂದು ಅದು ದೇಶಕ್ಕೇ ಗೊತ್ತಾಯಿತು. ಉಳಿಸು, ಬೆಳೆಸು, ಬಳಸು ಎಂಬುದು ಅದರ ಘೋಷಣೆ. ಇಂದು ದೊಡ್ಡ ಸಭೆಗಳಲ್ಲಿ ಸುಸ್ಥಿರ ಅಭಿವೃದ್ಧಿ ಎಂದು ಹೇಳುವುದೆಲ್ಲ ಈ ಮೂರು ಮಾತಿನಲ್ಲಿದೆ. ಆ ಯುವಕರು ಮರದ ಬಳಿ ಫೋಟೋ ತೆಗೆಸಿಕೊಂಡು ಮನೆಗೆ ಹೋಗಲಿಲ್ಲ. ಯಾವ ಮರ ಕಡಿಯುತ್ತಾರೆ, ಯಾಕೆ ಕಡಿಯುತ್ತಾರೆ ಎಂದು ಲೆಕ್ಕ ಕೇಳಿದರು. ನಮ್ಮ ಕಾಲೇಜುಗಳಲ್ಲಿ ಕಾಣೆಯಾಗಿರುವುದು ಈ ಲೆಕ್ಕ ಕೇಳುವ ಕೆಲಸ.

ಪರಿಸರ ಶಿಕ್ಷಣ ಇಲ್ಲವೆಂದಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಪದವಿ ತರಗತಿಯಲ್ಲಿ ಅದೊಂದು ಪತ್ರಿಕೆಯೂ ಆಯಿತು. ಮಕ್ಕಳು ಜಲಮಾಲಿನ್ಯದ ಬಗ್ಗೆ ಹತ್ತು ಅಂಕದ ಉತ್ತರ ಬರೆಯುತ್ತಾರೆ. ಅವರು ಕುಡಿಯುವ ಟ್ಯಾಂಕನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ವಿದ್ಯಾರ್ಥಿಗಳ ಪಾಲುದಾರಿಕೆ ಎಂದರೆ ಅವರ ಕೈಗೆ ಪೊರಕೆ ಕೊಡುವುದು ಎಂದು ಕೆಲವರು ತಿಳಿದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಶೌಚಾಲಯ ತೊಳೆಯಲು ಸಂಬಳ ಕೊಟ್ಟು ಜನರನ್ನು ನೇಮಿಸುವುದು, ಅವರಿಗೆ ಕೈಗವಸು, ಬೂಟು ಕೊಡುವುದು ಸಂಸ್ಥೆಯ ಹೊಣೆ. ವರ್ಷಕ್ಕೊಮ್ಮೆ ಶ್ರಮದಾನ ಮಾಡಿಸಿ ಆ ಹೊಣೆಯಿಂದ ಜಾರಿಕೊಳ್ಳಲಾಗದು. ವಿದ್ಯಾರ್ಥಿಗಳ ಕೆಲಸ ಬೇರೆ. ನೋಡುವುದು, ಬರೆದಿಡುವುದು, ಕೇಳುವುದು, ತಮ್ಮ ಅಭ್ಯಾಸ ತಿದ್ದಿಕೊಳ್ಳುವುದು. ಓದುವ ಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವ ತಂದೆತಾಯಂದಿರಿಗೆ ಒಂದು ಮಾತು: ಎನ್‌ಎಸ್‌ಎಸ್ 1969ರಿಂದಲೂ ಇದೆ. ಅದರಲ್ಲಿ ಸೇರಿದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಅದರಲ್ಲಿ ವಾರಕ್ಕೆ ಒಂದು ಗಂಟೆ ಸ್ವಂತ ಕಾಲೇಜಿಗೆ ಕೊಟ್ಟರೆ ಓದಿಗೇನೂ ನಷ್ಟವಿಲ್ಲ.

ಆ ಒಂದು ಗಂಟೆಯಲ್ಲಿ ಏನು ಮಾಡಬಹುದು?

ಮೊದಲನೆಯದು, ಒಂದು ನೋಟ್‌ಬುಕ್. ಎಷ್ಟು ಶೌಚಾಲಯಗಳಿವೆ, ಎಷ್ಟು ತೆರೆದಿವೆ, ಎಷ್ಟಕ್ಕೆ ನೀರು, ಚಿಲಕ, ಬೆಳಕು, ಸಾಬೂನು ಇದೆ, ಬಳಸಿದ ಪ್ಯಾಡ್ ಹಾಕಲು ಮುಚ್ಚಳದ ಡಬ್ಬ ಇದೆಯೇ, ಯಾವ ನಲ್ಲಿ ಸೋರುತ್ತಿದೆ, ಟ್ಯಾಂಕ್ ತೊಳೆದ ದಿನಾಂಕ ಯಾವುದು. ಪ್ರತಿ ಶನಿವಾರ ಬರೆದು ಪ್ರಾಂಶುಪಾಲರ ಸಹಿ ಪಡೆಯಲಿ. ಬರೆಯುವವರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳಿರಲಿ. ತಪಾಸಣಾ ತಂಡ ಬರುವ ವಾರ ಮಾತ್ರ ಹೊಳೆಯುವ ಶೌಚಾಲಯಕ್ಕೆ ಈ ನೋಟ್‌ಬುಕ್ಕೇ ಸರಿಯಾದ ಉತ್ತರ.

ಎರಡನೆಯದು, ಅದೇ ದಿನ ನಿಂತ ನೀರು ಚೆಲ್ಲುವುದು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಅದರ ಸಂತತಿ ಅಲ್ಲೇ ನಿಲ್ಲುತ್ತದೆ. ಹಳೆ ಟೈರು, ಹೂಕುಂಡದ ತಟ್ಟೆ, ಕ್ಯಾಂಟೀನ್ ಹಿಂದೆ ಬಿದ್ದ ಲೋಟ, ಎಳನೀರಿನ ಬುರುಡೆ ನೋಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದದ್ದು ನೆನಪಿರಲಿ.

ಮೂರನೆಯದು, ಕಸ ಸುಡುವುದನ್ನು ನಿಲ್ಲಿಸುವುದು. ಸಂಜೆ ಕಾಲೇಜಿನ ಹಿಂದೆ ಏಳುವ ಆ ಹೊಗೆಯಲ್ಲಿ ಪ್ಲಾಸ್ಟಿಕ್‌ನ ವಿಷವಿದೆ. ಅಸ್ತಮಾ ಇರುವ ಮಕ್ಕಳಿಗೆ ಅದು ಕಂಟಕ. ಅನ್ನದ ಮುಸುರೆ, ಹಣ್ಣಿನ ಸಿಪ್ಪೆ, ಎಲೆ ಗೊಬ್ಬರದ ಗುಂಡಿಗೆ ಹೋಗಲಿ, ಒಣಕಸ ಬೇರೆಯಾಗಿ ಪಟ್ಟಣ ಪಂಚಾಯತಿಯ ಅಥವಾ ನಗರಸಭೆಯ ಗಾಡಿಗೆ ಹೋಗಲಿ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಾಗಿವೆ. ಪರಿಸರ ದಿನದ ಸಭೆಯಲ್ಲೇ ಅವು ಕಾಣಿಸಿದರೆ ಎದ್ದು ನಿಂತು ಕೇಳುವ ಧೈರ್ಯ ವಿದ್ಯಾರ್ಥಿಗಳಿಗಿರಲಿ.

ಕಾಡಂಚಿನ ಕಾಲೇಜುಗಳಿಗೆ, ಹಳ್ಳಿಗಳಲ್ಲಿ ಶಿಬಿರ ನಡೆಸುವವರಿಗೆ ಇನ್ನೊಂದು ಎಚ್ಚರಿಕೆ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸಿದ್ದಾಪುರದ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ ತಾಲೂಕಿನಲ್ಲೂ ಅದು ಜನರನ್ನು ಕಾಡಿದೆ. ರೋಗ ಹರಡುವ ಉಣುಗುಗಳ ಕಾಟ ನವೆಂಬರ್‌ನಿಂದ ಮೇವರೆಗೆ ಹೆಚ್ಚು. ಆ ತಿಂಗಳುಗಳಲ್ಲಿ ದರಕು ಗುಡಿಸಲು, ಗುಂಡಿ ತೋಡಲು ಮಕ್ಕಳನ್ನು ಕಾಡಿಗೆ ಕಳಿಸುವ ಮೊದಲು ಸ್ಥಳೀಯ ಆರೋಗ್ಯ ಕೇಂದ್ರವನ್ನು ಕೇಳಿ. ಮೈತುಂಬ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸುವುದು, ಇಷ್ಟು ಕಡ್ಡಾಯ.

ಹಾಗಾದರೆ ಗಿಡ ಬೇಡವೇ? ಬೇಕು. ಆದರೆ ನೂರು ನೆಟ್ಟು ಮರೆಯುವುದಕ್ಕಿಂತ ಹತ್ತು ನೆಟ್ಟು ಮೂರು ಬೇಸಿಗೆ ದಾಟಿಸುವುದು ಮೇಲು. ಅಳಲೆ, ತಾರೆ, ನೆಲ್ಲಿ ನೆಡಿ. ನಮ್ಮ ಇತ್ರಿಫಲ್‌ಗೂ ಆಯುರ್ವೇದದ ತ್ರಿಫಲಕ್ಕೂ ಇವೇ ಮೂರು ಕಾಯಿ, ಮೂರೂ ನಮ್ಮ ಕಾಡಿನವೇ. ಒಂದೊಂದು ಗಿಡಕ್ಕೂ ಇಬ್ಬರು ವಿದ್ಯಾರ್ಥಿಗಳು ಹೊಣೆಯಾಗಲಿ, ಕೊನೆಯ ವರ್ಷದವರು ಹೋಗುವಾಗ ಮೊದಲ ವರ್ಷದವರಿಗೆ ಒಪ್ಪಿಸಿ ಹೋಗಲಿ. ಅಮಾನತ್ ಎಂದರೆ ಇದೇ.

ಬೇರೆಯವರಿಗೆ ಹೇಳುವ ಮೊದಲು ನಮ್ಮದೇ ಆಡಳಿತದ ಶಾಲೆ, ಹಾಸ್ಟೆಲ್, ಮದ್ರಸಾಗಳನ್ನೂ ನೋಡೋಣ. ಅಲ್ಲಿನ ಶೌಚಾಲಯದ ಬಾಗಿಲು ಹೇಗಿದೆ? ವುಝೂ ಮಾಡಿದ ನೀರು ಚರಂಡಿಗೆ ಹೋಗುತ್ತಿದೆಯೋ ತೆಂಗಿನ ಬುಡಕ್ಕೋ? ಕಮಿಟಿಯ ಮುಂದಿನ ಸಭೆಯಲ್ಲಿ ಈ ಎರಡು ಪ್ರಶ್ನೆ ಕೇಳಿ.

ತಾಯಂದಿರೇ, ಇಂದು ಸಂಜೆ ಮಗಳು ಕಾಲೇಜಿನಿಂದ ಬಂದಾಗ ಅವಳ ಚೀಲದಲ್ಲಿರುವ ಬಾಟಲಿ ಎತ್ತಿ ನೋಡಿ. ಅದು ತುಂಬಿಯೇ ಇದ್ದರೆ ಬೈಯಬೇಡಿ. ಯಾಕೆಂದು ಕೇಳಿ, ಮರುದಿನ ಅವಳ ಜೊತೆ ಕಾಲೇಜಿಗೆ ಹೋಗಿ.